ಅಪ್ಪನ ಲೈನು

ಹೋದ ವಾರ ನಮ್ಮ ಬೀದಿಯಲ್ಲಿ ಕರೆಂಟು ಹೋಯಿತು. ಫೋನು ಮಾಡಿ ಮಾಡಿ ಸಾಕಾದ ಮೇಲೆ ಒಬ್ಬ ಏಣಿ ಹೊತ್ತುಕೊಂಡು ಬಂದ. ಗೇಟಿನ ಹತ್ತಿರ ನಿಂತಿದ್ದ ನನ್ನನ್ನು ನೋಡಿ, "ಅಜ್ಜಿ, ನಿಮ್ದು ಯಾವ ಲೈನು?" ಎಂದು ಕೇಳಿದ. ನಾನು ಹಿಂದೆಮುಂದೆ ನೋಡದೆ, "ಗುಂಡ್ಲುಪೇಟೆ–ಚಾಮರಾಜನಗರ ಲೈನು" ಎಂದುಬಿಟ್ಟೆ. ಅವನು ಕಂಬ ನೋಡಿದ, ನನ್ನನ್ನು ನೋಡಿದ, ಫ್ಯೂಸು ಹೋಗಿರುವುದು ಯಾವ ಕಡೆ ಎಂದು ಅವನಿಗೆ ಅನುಮಾನ ಬಂದಿರಬೇಕು. ಅಷ್ಟರಲ್ಲಿ ಸೊಸೆ ಒಳಗಿನಿಂದ ಬಂದು ಸರಿಯಾದ ಉತ್ತರ ಕೊಟ್ಟಳು. ಕಾಲು ಗಂಟೆಯಲ್ಲಿ ಕರೆಂಟು ಬಂತು.

ನಾನು ಮಾತ್ರ ಅವತ್ತೆಲ್ಲ ಆ ಪದವನ್ನು ಬಾಯಲ್ಲಿ ಹಾಕಿಕೊಂಡು ಕೂತಿದ್ದೆ. ಮೇಡಮ್ಮಾಗಿ ಪ್ರೈಮರಿ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ತಿದ್ದಿಸಿದವಳು ನಾನು. ನನಗೇನೂ ಮಹಾ ಇಂಗ್ಲಿಷ್ ಬರುತ್ತದೆ ಎಂದುಕೊಳ್ಳಬೇಡಿ, ಮಕ್ಕಳಿಗಿಂತ ಒಂದು ಪಾಠ ಮುಂದಿರುತ್ತಿದ್ದೆ, ಅಷ್ಟೆ. ಆದರೂ ಹೇಳುತ್ತೇನೆ, ಈ ಲೈನು ಎನ್ನುವ ಪದದಷ್ಟು ನಾಚಿಕೆಗೆಟ್ಟ ಪದ ಇನ್ನೊಂದಿಲ್ಲ. ಯಾರು ಕರೆದರೂ ಹೋಗುತ್ತದೆ, ಎಲ್ಲಿ ಕೂರಿಸಿದರೂ ಕೂರುತ್ತದೆ. ನಿಘಂಟು ತೆಗೆದು ಅದರ ಅರ್ಥಗಳನ್ನು ಓದುತ್ತಾ ಹೋದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಗುತ್ತದೆ. ನನ್ನ ಮನೆಯಲ್ಲಿ ಒಂದು ಸಲ ಹೋಗಿದೆ.

ನಮ್ಮ ಗುಂಡ್ಲುಪೇಟೆಗೆ ನಿಘಂಟು ಬೇಕಿರಲಿಲ್ಲ. ಬೆಳಿಗ್ಗೆ ಎದ್ದರೆ ಸ್ಕೂಲಿನಲ್ಲಿ ಮೇಷ್ಟ್ರು, "ಲೈನಾಗಿ ನಿಂತ್ಕೊಳ್ರಲಾ" ಎಂದು ಬೆತ್ತ ಆಡಿಸುತ್ತಿದ್ದರು. ಪೊಲೀಸಿನವರ ಸಂಸಾರಗಳಿದ್ದ ಸಾಲುಮನೆಗಳೂ ಲೈನೇ, ಅಲ್ಲಿನ ಹೆಂಗಸರ ನಲ್ಲಿಯ ಜಗಳ ನಮ್ಮ ಬೀದಿಗೆ ಕೇಳುತ್ತಿತ್ತು. ಮೈಸೂರಿನಿಂದ ಬಂದ ರೈಲು ಚಾಮರಾಜನಗರದಲ್ಲಿ ಬಂದು ಮುಗಿದುಹೋಗುತ್ತಿತ್ತು, ಅಲ್ಲಿಂದ ಮುಂದೆ ಲೈನಿಲ್ಲ. ಲೈನಿಲ್ಲದ ಜಾಗದಲ್ಲಿ ರೈಲು ಏನು ಮಾಡುತ್ತದೆ ಎನ್ನುವುದು ಬಹಳ ದಿನ ನನ್ನ ಚಿಂತೆಯಾಗಿತ್ತು.

ನನಗೆ ಲೈನು ಕಲಿಸಿದವಳು ಅಕ್ಕ. ನಂಜಮ್ಮಣ್ಣಿ ಅವಳ ಹೆಸರು, ನನಗಿಂತ ಒಂಬತ್ತು ವರ್ಷ ದೊಡ್ಡವಳು, ಮಿಡ್ಲ್ ಸ್ಕೂಲಿನವರೆಗೆ ಓದಿದ್ದಳು. ನಾಲ್ಕು ಲೈನಿನ ಕಾಪಿ ಪುಸ್ತಕ ಎದುರಿಗಿಟ್ಟುಕೊಂಡು ನಾನು ಅಳುತ್ತಾ ಕೂತಿದ್ದಾಗ ಪಕ್ಕಕ್ಕೆ ಬಂದು ಕೂತಳು. "ಇದು ನಮ್ಮನೆ ಕಣಮ್ಮಿ. ಮ್ಯಾಲೆ ಅಟ್ಟ, ಮಧ್ಯ ಪಡಸಾಲೆ, ಕೆಳಗೆ ಹಗೇವು. 'ಎಲ್' ಅಟ್ಟ ಅತ್ತುತ್ತೆ, 'ಜೀ' ಬಾಲ ಹಗೇವಿಗೆ ಇಳಿತದೆ. ಎ, ಓ ಇವೆಲ್ಲ ಸೋಮಾರಿಗಳು, ಪಡಸಾಲೇಲೆ ಬಿದ್ದಿರ್ತವೆ." ಹಗೇವು ಎಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ನಾನು ಮೇಡಮ್ಮಾದ ಮೇಲೆ ಎಷ್ಟೋ ಮಕ್ಕಳಿಗೆ ಇದೇ ಪಾಠ ಹೇಳಿಕೊಟ್ಟೆ. ಇನ್‌ಸ್ಪೆಕ್ಟರು ಒಬ್ಬರು ಕೇಳಿ, ಇದು ಯಾವ ಪದ್ಧತಿ ಎಂದರು. ಅಕ್ಕನ ಪದ್ಧತಿ ಎಂದು ಹೇಳಲಿಲ್ಲ, ಹೇಳಬೇಕಿತ್ತು.

ಆದರೆ ಇವೆಲ್ಲ ಸಣ್ಣಪುಟ್ಟ ಲೈನುಗಳು. ನಮ್ಮ ಮನೆಯಲ್ಲಿ ಲೈನು ಎಂದರೆ ಅಪ್ಪನ ಲೈನು. ಅಪ್ಪ ಮಾದಪ್ಪ, ಬಸ್ಸಿನ ಡ್ರೈವರು. ಹೊಲ ಮನೆ ಇದ್ದವರ ವಂಶದಲ್ಲಿ ಹುಟ್ಟಿ, ನೇಗಿಲನ್ನು ತಮ್ಮಂದಿರ ಕೈಗೆ ಕೊಟ್ಟು ಸ್ಟೇರಿಂಗು ಹಿಡಿದವನು. ನಮ್ಮ ಜನಕ್ಕೆ ಅದೊಂದು ಅವಮಾನ, ಅಪ್ಪನಿಗೆ ಅದೇ ಸಿಂಹಾಸನ. ಆಗ ಡ್ರೈವರುಗಳಿಗೆ ಅವರವರ ಲೈನಿನ ಮೇಲೆ ಅಂತಸ್ತು. ಊಟಿ ಲೈನಿನವರು ಗುಂಡ್ಲುಪೇಟೆಯ ಉರಿಬಿಸಿಲಿನಲ್ಲೂ ಸ್ವೆಟರು ತೆಗೆಯುತ್ತಿರಲಿಲ್ಲ. ಮೈಸೂರು ಲೈನಿನವರು ಹೋಟೆಲಿನಲ್ಲಿ ಕಾಫಿಗೆ ಸಕ್ಕರೆ ಕಮ್ಮಿ ಎಂದು ಬಯ್ಯುವಷ್ಟು ದೊಡ್ಡವರು. ಸಂತೆಮರಹಳ್ಳಿ ಲೈನಿನವರ ಬಸ್ಸಿನಲ್ಲಿ ಜನಕ್ಕಿಂತ ಮೂಟೆ ಜಾಸ್ತಿ. ಅಪ್ಪನದು ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗಿ ಬರುವ ಲೈನು, ಇದ್ದುದರಲ್ಲಿ ಬಡ ಲೈನು.

ಆ ಲೈನಿನಲ್ಲಿ ಅಪ್ಪನದೊಂದು ರೀತಿ ಇತ್ತು. ಕೈ ತೋರಿಸಿದವರಿಗೆ ಬಸ್ಸು ನಿಲ್ಲಬೇಕು. ಎರಡು ಹೊಲದಾಚೆಯಿಂದ ಯಾರಾದರೂ ಟವಲು ಬೀಸಿದರೂ ನಿಲ್ಲಿಸಿ ಕಾಯುತ್ತಿದ್ದ. ಹೆಂಗಸರು ಬಾಗಿಲಲ್ಲೇ ನಿಂತು, "ಮಾದಪ್ಪಣ್ಣ, ವಸಿ ನಿಂತ್ಕೊ, ಮಗೀಗೆ ಆಲು ಕುಡುಸ್ಬುಟ್ಟು ಬತ್ತೀನಿ" ಎನ್ನುತ್ತಿದ್ದರು. ಅಪ್ಪ ಎಂಜಿನ್ನು ಆರಿಸುತ್ತಿದ್ದ. ಒಂದು ಸಲ ಒಬ್ಬ ರಸ್ತೆಗೆ ಅಡ್ಡ ನಿಂತು ಬಸ್ಸು ನಿಲ್ಲಿಸಿ, "ಇವತ್ತು ಬರಾಕಿಲ್ಲ ಮಾದಪ್ಪಣ್ಣ, ನಾಳೀಕೆ ಬತ್ತೀನಿ ಅಂತ ಏಳಾಕೆ ನಿಲ್ಲುಸ್ದೆ" ಎಂದ. ಬಸ್ಸೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. "ಏಳುದ್ದು ಒಳ್ಳೇದಾಯ್ತು ಕಣಪ್ಪ, ಇಲ್ದಿದ್ರೆ ಕಾಯ್ತಿದ್ದೆ" ಎಂದು ಗೇರು ಹಾಕಿದ. ಕಂಡಕ್ಟರು ಗಫಾರ್ ಸಾಬರು, "ಅಣ್ಣಾ, ಇದು ಬಸ್ಸಲ್ಲ, ಛತ್ರ" ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಕೆಳಗಿಳಿದು ಮುದುಕರನ್ನು ಕೈಹಿಡಿದು ಹತ್ತಿಸುತ್ತಿದ್ದರು.

ಅಕ್ಕನಿಗೆ ಮದುವೆಯಾಯಿತು. ಭಾವ ಗೂಡಲೂರಿನ ಆಚೆ ಒಂದು ಟೀ ಎಸ್ಟೇಟಿನಲ್ಲಿ ರೈಟರು, ಅಂದರೆ ಕೂಲಿಗಳ ಹಾಜರಿ ಬರೆಯುವ ಕೆಲಸ. "ಇಲ್ಲಿ ನಮ್ಮ ಲೈನಿನಲ್ಲಿ ಹತ್ತು ಮನೆ, ನಮ್ಮದು ಕೊನೆಯದು, ಬೆಳಿಗ್ಗೆ ಬಾಗಿಲು ತೆಗೆದರೆ ಮಂಜು ಒಳಗೆ ಬರುತ್ತದೆ" ಎಂದು ಅಕ್ಕ ಕಾಗದ ಬರೆದಳು. ಅದೂ ನಮ್ಮೂರ ಪೊಲೀಸಿನವರದರ ಹಾಗೆ ಸಾಲುಮನೆ ಎಂದು ನನಗೆ ಹೊಳೆಯಲಿಲ್ಲ, ಅಪ್ಪನ ಮಗಳಿಗೆ ಲೈನು ಎಂದರೆ ಬಸ್ಸು ಓಡುವ ದಾರಿ. ನಮ್ಮಕ್ಕನ ಮನೆಯನ್ನು ದಾಟಿಕೊಂಡು ದಿನಾ ಬಸ್ಸು ಹೋಗುತ್ತದೆ ಎಂದು ಸ್ಕೂಲಿನಲ್ಲಿ ಕೊಚ್ಚಿಕೊಂಡೆ. ಒಂದು ವರ್ಷ ಎಲ್ಲರೂ ನಂಬಿದರು.

ಮೊದಲ ಹೆರಿಗೆಗೆ ಅಕ್ಕ ನಮ್ಮ ಮನೆಗೆ ಬಂದಳು. ನನಗಾಗ ಹತ್ತು ವರ್ಷ. ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ ಹೇಳಿರಲಿಲ್ಲ. ನಿಮಗೆ ಯಾಕೆ ಹೇಳುತ್ತಿದ್ದೇನೋ ಕಾಣೆ.

ನಮ್ಮ ಕಡೆ ಒಂದು ನಂಬಿಕೆ ಇತ್ತು. ಹೆರಿಗೆ ನೋವು ಶುರುವಾದ ಸುದ್ದಿ ಹೊರಗೆ ಬೀಳಬಾರದು. ಎಷ್ಟು ಕಿವಿಗೆ ಬೀಳುತ್ತದೋ ಅಷ್ಟು ಹೊತ್ತು ಹೆರಿಗೆ ತಡವಾಗುತ್ತದೆ, ನೋವು ಎಳೆಯುತ್ತದೆ. ಅದರಲ್ಲೂ ಮನೆಯ ಗಂಡಸರ ಕಿವಿಗೆ ಬೀಳಲೇಕೂಡದು. ಸೂಲಗಿತ್ತಿ ಬರುವುದೂ ಹಿತ್ತಲ ಬಾಗಿಲಿನಿಂದ, ಮಜ್ಜಿಗೆ ಕೇಳುವ ನೆಪದಲ್ಲಿ.

ಅವತ್ತು ಬೆಳಗಿನ ಜಾವ ಹಾಗೆಯೇ ಸೂಲಗಿತ್ತಿ ಸಿದ್ದಜ್ಜಿ ಚೊಂಬು ಹಿಡಿದು ಬಂದಳು. ಅಕ್ಕನ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. ನಾನು ಕಾಳು ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಸಿದ್ದಜ್ಜಿ ಅವ್ವನನ್ನು ಪಕ್ಕಕ್ಕೆ ಕರೆದಳು. "ಮಗ ಅಡ್ಡ ತಿರುಗ್ಬುಟ್ಟದೆ ಕಣವ್ವ. ಇದು ನನ್ ಕೈಲಾಗದು. ನಗರದ ಡಾಕ್ಟ್ರಮ್ಮನ ತವುಕ್ ಕರ್ಕಂಡೋಗು. ತಡ ಮಾಡ್ಬ್ಯಾಡ." ನಗರ ಎಂದರೆ ನಮಗೆ ಚಾಮರಾಜನಗರ.

ಅವ್ವ ತಿರುಗಿದವಳು ನನ್ನನ್ನು ಕಂಡಳು. ಬಂದು ರಟ್ಟೆ ಹಿಡಿದಳು. "ಕೇಳುಸ್ಕಂಡ್ಯಾ? ಬಾಯ್ ಬುಟ್ಟೀಯೆ ಉಸಾರು. ಅಪ್ಪಂಗೂ ಏಳ್ಬ್ಯಾಡ. ಏಳುದ್ರೆ ಅಕ್ಕಂಗೇ ನೋವು ಜಾಸ್ತಿಯಾಗದು." ಅವ್ವ ಬಯ್ಯಲಿಲ್ಲ, ಬೇಡಿಕೊಂಡಳು. ನಾನು ತಲೆಯಾಡಿಸಿದೆ. ನನ್ನ ಬಾಯಿಂದ ಒಂದು ಮಾತು ಬಿದ್ದರೆ ಅಕ್ಕನ ಹೊಟ್ಟೆಯಲ್ಲಿ ನೋವು ಏಳುತ್ತದೆ ಎಂದು ನಾನು ಪೂರ್ತಿ ನಂಬಿದೆ.

ನಗರದ ಕಡೆಗೆ ಮೊದಲ ಬಸ್ಸು ಅಪ್ಪನದೇ, ಅದು ಹೊರಡುವುದು ಎಂಟಕ್ಕೆ. ಅವ್ವ ಸ್ಟ್ಯಾಂಡಿಗೆ ಬಂದು, "ದಿನ ತುಂಬ್ತಾ ಅದೆ, ಡಾಕ್ಟ್ರಮ್ಮಂಗೆ ಒಂದ್ಸಲ ತೋರುಸ್ಕಂಡು ಬರನ ಅಂತ" ಎಂದಳು. ಅಪ್ಪನಿಗೆ ಎಷ್ಟು ಸಂತೋಷವಾಯಿತು ಎಂದರೆ, ತನ್ನ ಟವಲಿನಿಂದಲೇ ಸೀಟು ಒರೆಸಿದ. "ಬಾ ಮಗ, ಕೂತ್ಕೊ. ಇವತ್ತು ಬಸ್ಸ ತೊಟ್ಲು ತೂಗ್ದಂಗೆ ಓಡುಸ್ತೀನಿ" ಎಂದ. ಅಕ್ಕ ನಕ್ಕಳು. ಅವ್ವ, ಅಕ್ಕ ಡ್ರೈವರ ಹಿಂದಿನ ಸೀಟಿನಲ್ಲಿ ಕೂತರು, ನಾನು ಅಪ್ಪನ ಪಕ್ಕ, ಎಂಜಿನ್ನಿನ ಹತ್ತಿರದ ಜಾಗದಲ್ಲಿ.

ಅಪ್ಪ ಹೇಳಿದಂತೆಯೇ ಓಡಿಸಿದ. ಒಂದೊಂದು ಗುಂಡಿಯ ಹತ್ತಿರವೂ ಬಸ್ಸನ್ನು ನಿಧಾನ ಮಾಡಿ, ಗಾಲಿಯನ್ನು ಇಳಿಸಿ, ಹತ್ತಿಸಿ. ಎತ್ತಿನ ಗಾಡಿಗಳು ನಮ್ಮನ್ನು ದಾಟಿಕೊಂಡು ಹೋಗುವುದೊಂದು ಬಾಕಿ. ಮಗಳು ಕೂತಿದ್ದಾಳೆ ಎಂದು ಅವನು ಅವತ್ತು ಅಷ್ಟು ಮೆಲ್ಲಗೆ ಓಡಿಸಿದ್ದು. ಕೈಗಳು ಎದ್ದವು, ಬಸ್ಸು ನಿಂತಿತು. ಕೋಳಿ ಬುಟ್ಟಿಯವಳು ಹತ್ತಿದಳು. ವೀಳ್ಯದೆಲೆಯ ಪಿಂಡಿಗಳನ್ನು ಮೇಲೆ ಹಾಕಿದರು, ಒಂದು ಪಿಂಡಿ ಬಿದ್ದು ಬಿಚ್ಚಿಕೊಂಡಿತು, ಮತ್ತೆ ಕಟ್ಟುವವರೆಗೂ ಅಪ್ಪ ಕಾದ. ಯಾರೋ ಒಬ್ಬಳು ಬಾಗಿಲಲ್ಲಿ ನಿಂತು ಸೊಸೆಗೆ ಅಡುಗೆಯದೆಲ್ಲ ಹೇಳಿ ಮುಗಿಸಿ ಹತ್ತಿದಳು. ಬೇರೆ ದಿನಗಳಲ್ಲಿ ನನಗೆ ನಗು ತರಿಸುತ್ತಿದ್ದ ಆಟಗಳು ಇವು. ಮುಂದಿನ ಕನ್ನಡಿಯಲ್ಲಿ ನನಗೆ ಅಕ್ಕ ಕಾಣುತ್ತಿದ್ದಳು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಗಫಾರ್ ಸಾಬರು ಟಿಕೀಟು ಹರಿಯುತ್ತಾ ಮುಂದಕ್ಕೆ ಬಂದವರು ಅಕ್ಕನನ್ನು ನೋಡಿ ನಿಂತರು. ಹೆಂಗಸರನ್ನು ಕೇಳಲು ಅವರಿಗೆ ಸಂಕೋಚ. ಬಾಗಿ ನನ್ನ ಕಿವಿಯ ಹತ್ತಿರ, "ಅಮ್ಮಣ್ಣಿ, ಯಾಕವ್ವಾ ಅಕ್ಕ ಹಂಗೆ ಬೆವರ್ತಾ ಅವಳೆ? ಏನಾದ್ರೂ ಐತಾ? ಹೇಳು, ಅಣ್ಣಂಗೆ ಹೇಳ್ತೀನಿ" ಎಂದರು.

ಅವ್ವ ನನ್ನನ್ನೇ ನೋಡುತ್ತಿದ್ದಳು.

"ಏನಿಲ್ಲ ಸಾಬ್ರೇ, ಅಕ್ಕಂಗೆ ಬಸ್ಸು ಆಗಲ್ಲ. ವಾಂತಿ ಬತ್ತದೆ" ಎಂದೆ.

ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಸಾಬರು ನಂಬಿದರು. ಅಪ್ಪನಿಗೂ ಕೇಳಿಸಿತು. "ಅಯ್ಯೋ, ಮೊದ್ಲೇ ಏಳ್ಬಾರ್ದಾ ಮಗ" ಎಂದ. ತೆರಕಣಾಂಬಿ ಬಂದ ಕೂಡಲೇ ಹುಣಸೆಮರದ ನೆರಳು ನೋಡಿ ಬಸ್ಸು ನಿಲ್ಲಿಸಿ, ಎಂಜಿನ್ನು ಆರಿಸಿದ. "ಮಗಳು ವಸಿ ಸುಧಾರುಸ್ಕಳ್ಳಿ, ಆಮೇಲೆ ಓಗನ" ಎಂದು ಹಿಂದೆ ತಿರುಗಿ ಎಲ್ಲರಿಗೂ ಹೇಳಿದ. ಯಾರೂ ಬೇಡವೆನ್ನಲಿಲ್ಲ. ಅವರನ್ನೆಲ್ಲ ಕಾದವನು ಅವನು, ಅವನ ಮಗಳಿಗಾಗಿ ಅವರು ಕಾಯಲಾರರೇ? ಕೆಲವರು ಇಳಿದು ಬೀಡಿ ಹಚ್ಚಿದರು.

ಅಪ್ಪ ತಾನೇ ಹೋಗಿ ಗೋಲಿ ಸೋಡ ತಂದ. ನಿಂಬೆಹಣ್ಣು ಹಿಂಡಿಸಿ, ಉಪ್ಪು ಹಾಕಿಸಿ, ಕಿಟಕಿಯ ಹೊರಗೆ ನಿಂತು ಲೋಟವನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದ. "ನಿಧಾನಕ್ ಕುಡಿ. ಆತ್ರ ಇಲ್ಲ" ಎಂದ. ಅಕ್ಕ ಎರಡು ಗುಟುಕು ಕುಡಿದಳು. ಕುಡಿಯುತ್ತಾ ಲೋಟದ ಮೇಲಿನಿಂದ ನನ್ನನ್ನು ನೋಡಿದಳು. ಹೇಳು ಎಂದು ನೋಡಿದಳೋ, ಹೇಳಬೇಡ ಎಂದು ನೋಡಿದಳೋ, ಇವತ್ತಿನವರೆಗೂ ನನಗೆ ಗೊತ್ತಿಲ್ಲ. ಅದನ್ನು ಯೋಚಿಸದ ದಿನ ಕಡಿಮೆ. ಬಾಯಿ ತೆರೆದರೆ ಮಾತು ಅಲ್ಲೇ ಇತ್ತು, ಅಪ್ಪ ನನ್ನಿಂದ ಒಂದು ಮಾರು ದೂರದಲ್ಲಿದ್ದ. ನಾನು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡೆ. "ಇವಳಿಗೂ ವಾಂತಿಯಾ?" ಎಂದು ಅಪ್ಪ ನನ್ನ ತಲೆ ಸವರಿ ಉಳಿದ ಸೋಡ ನನಗೆ ಕೊಟ್ಟ. ನಾನು ಕುಡಿದೆ.

ಅಲ್ಲಿ ಅರ್ಧ ಗಂಟೆ ನಿಂತಿದ್ದೆವು.

ಉಡಿಗಾಲದ ಹತ್ತಿರ ಅಕ್ಕ ಕೂಗಿದಳು. ಬಸ್ಸಿನಲ್ಲಿದ್ದ ಹೆಂಗಸರಿಗೆಲ್ಲ ಅದು ಎಂಥ ಕೂಗು ಎಂದು ಒಂದೇ ಸಲಕ್ಕೆ ತಿಳಿಯಿತು, ಅಪ್ಪನಿಗೂ ತಿಳಿಯಿತು. ಕೋಳಿ ಬುಟ್ಟಿಯವಳು ಎದ್ದು ತನ್ನ ಸೀರೆಯ ಸೆರಗನ್ನು ಅಡ್ಡ ಹಿಡಿದಳು. ಅಪ್ಪ ಹಿಂದೆ ತಿರುಗಿ ನೋಡಲಿಲ್ಲ. ಆ ಬಸ್ಸು ಅಷ್ಟು ಜೋರಾಗಿ ಓಡಬಲ್ಲದೆಂದು ಆ ಲೈನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಕೈಗಳು ಎದ್ದವು, ಎತ್ತಿದ ಕೈಗಳು ಎತ್ತಿದ ಹಾಗೆಯೇ ಹಿಂದಕ್ಕೆ ಹೋದವು. ಮಾದಪ್ಪ ಬಸ್ಸು ನಿಲ್ಲಿಸದೆ ಹೋದ ಎಂದು ಅವರೆಲ್ಲ ಅವತ್ತು ಊರಿನಲ್ಲಿ ಹೇಳಿಕೊಂಡಿರಬೇಕು.

ಬಸ್ಸು ಸೀದಾ ಆಸ್ಪತ್ರೆಯ ಬಾಗಿಲಿಗೆ ಹೋಯಿತು. ಡಾಕ್ಟ್ರಮ್ಮ ಓಡಿ ಬಂದರು, ತಮ್ಮ ಕೈಲಾದದ್ದೆಲ್ಲ ಮಾಡಿದರು. ಒಳಗೆ ಹೋಗುವ ಮುಂಚೆ ಅವ್ವನನ್ನು, "ನೋವು ಯಾವಾಗ ಶುರುವಾಯ್ತು?" ಎಂದು ಕೇಳಿದರು. "ಬೆಳಗಿನ ಜಾವ, ಕೋಳಿ ಕೂಗೊ ಒತ್ತು" ಎಂದಳು ಅವ್ವ. ಅಪ್ಪ ಬಾಗಿಲಿನ ಹತ್ತಿರವೇ ನಿಂತಿದ್ದ. ಅವನ ಕೈಯಲ್ಲಿ ಟವಲಿತ್ತು. ಅವ್ವನನ್ನು ನೋಡಿದ.

ಮಗು ಅಳಲಿಲ್ಲ. ಅಕ್ಕ ಮಧ್ಯಾಹ್ನದ ಹೊತ್ತಿಗೆ ಹೋದಳು. ಇಪ್ಪತ್ತು ತುಂಬಿರಲಿಲ್ಲ. "ಒಂದು ಗಂಟೆ ಮುಂಚೆ ಬಂದಿದ್ದರೆ ತಾಯಿನಾದ್ರೂ ಉಳಿಸಬಹುದಿತ್ತೋ ಏನೋ" ಎಂದರು ಡಾಕ್ಟ್ರಮ್ಮ, ಅವರ ಕಣ್ಣಲ್ಲೂ ನೀರಿತ್ತು. ಅದೇ ಬಸ್ಸಿನಲ್ಲಿ ಅಕ್ಕನನ್ನು ಮನೆಗೆ ತಂದೆವು. ಅಪ್ಪನೇ ಓಡಿಸಿದ, ಗಫಾರ್ ಸಾಬರು ಎಷ್ಟು ಹೇಳಿದರೂ ಬೇರೆಯವರ ಕೈಗೆ ಕೊಡಲಿಲ್ಲ.

ತಿಥಿಯೆಲ್ಲ ಮುಗಿದು, ಭಾವ ಎಸ್ಟೇಟಿಗೆ ವಾಪಸು ಹೋದ ಮೇಲೆ ಅಪ್ಪ ಹಿತ್ತಲಿನಲ್ಲಿ ಅವ್ವನನ್ನು ಒಂದೇ ಮಾತು ಕೇಳಿದ. "ಯಾರ್ಯಾರ್ಗೆ ಗೊತ್ತಿತ್ತು?"

ನಾನು ಅವ್ವನ ಹಿಂದೆಯೇ ಇದ್ದೆ. ಅವ್ವ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನನಗೆ ಅಡ್ಡ ನಿಂತಳು. "ಸಿದ್ದಜ್ಜಿಗೆ. ಮನೇಲಿ ನಂಗೊಬ್ಳಿಗೇಯ" ಎಂದಳು.

ಅಂದಿನಿಂದ ಅಪ್ಪ ಅವ್ವನ ಜೊತೆ ಮಾತು ಬಿಟ್ಟ. ಬಯ್ಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಟ್ಟ, ಅಷ್ಟೆ. ಏನು ಬೇಕಾದರೂ ನನ್ನ ಮೂಲಕ. "ನಿಮ್ಮವ್ವಂಗೆ ಏಳು, ನಾಳೆ ಬರದು ತಡ." "ನಿಮ್ಮಪ್ಪನ್ನ ಕೇಳು, ಉಪ್ಪು ಸಾಕಾ ಅಂತ." ಇಬ್ಬರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು, ನಾನು ಮಧ್ಯೆ ಕೂತು ಇಬ್ಬರಿಗೂ ಹೇಳುತ್ತಿದ್ದೆ. ಬಸ್ಸಿನಲ್ಲಿ ಮಾತ್ರ ಅಪ್ಪ ಮೊದಲಿನ ಅಪ್ಪನೇ. ಕೈ ತೋರಿಸಿದವರಿಗೆಲ್ಲ ನಿಲ್ಲಿಸುತ್ತಿದ್ದ, ಕಾಯುತ್ತಿದ್ದ.

ಮೂರು ವರ್ಷ ಹೀಗೆಯೇ ಹೋಯಿತು. ನನಗೆ ಹದಿಮೂರಾಯಿತು. ಸ್ಕೂಲಿನ ದೊಡ್ಡ ಪರೀಕ್ಷೆ ಬರೆಯಲು ಚಾಮರಾಜನಗರಕ್ಕೆ ಹೋಗಬೇಕಿತ್ತು, ಅಪ್ಪನ ಬಸ್ಸಿನಲ್ಲೇ ಹೋದೆ. ಪರೀಕ್ಷೆ ಚೆನ್ನಾಗಿ ಬರೆದೆ. ಸಂಜೆ ಬಸ್ಸು ಹತ್ತಿ ಕೂತಾಗ ಜನ ಇನ್ನೂ ಬಂದಿರಲಿಲ್ಲ, ಗಫಾರ್ ಸಾಬರು ಟೀ ಕುಡಿಯಲು ಹೋಗಿದ್ದರು. ಅಪ್ಪ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ರಸ್ತೆ ನೋಡುತ್ತಾ ಕೂತಿದ್ದ.

"ಒಂದ್ ಮಾತು ಕೇಳ್ತೀನಿ, ಸುಳ್ಳೇಳ್ಬ್ಯಾಡ" ಎಂದ. "ಅವತ್ತು ನಿಮ್ಮವ್ವ ನಂಗೊಬ್ಳಿಗೇ ಗೊತ್ತಿತ್ತು ಅಂದ್ಲಲ್ಲ. ದಿಟವಾ?"

ನನಗೆ ಆ ಹೊತ್ತಿಗೆ ಬುದ್ಧಿ ಬಂದಿತ್ತು. ಮಾತಿನಿಂದ ನೋವು ಹೆಚ್ಚುವುದಿಲ್ಲ ಎಂದು ತಿಳಿದಿತ್ತು. ಹೇಳಿದರೆ ಅವ್ವನ ತಲೆಯ ಮೇಲಿನ ಹೊರೆ ಅರ್ಧವಾದರೂ ಇಳಿಯುತ್ತದೆ ಎಂದೂ ತಿಳಿದಿತ್ತು. ಆದರೆ ಅಪ್ಪ ನನ್ನ ಜೊತೆಯೂ ಮಾತು ಬಿಟ್ಟರೆ? ಮನೆಯಲ್ಲಿ ಅವನು ಮಾತಾಡುತ್ತಿದ್ದುದು ನನ್ನೊಬ್ಬಳ ಜೊತೆ. ಆ ಭಯ ಎಂಥದು ಎಂದು ನಿಮಗೆ ಹೇಳಿ ತಿಳಿಸಲಾರೆ.

"ದಿಟ ಅಪ್ಪ" ಎಂದೆ.

ಅಪ್ಪ ನನ್ನ ಕಡೆಗೆ ತಿರುಗಿದ. ಎಷ್ಟೋ ದಿನದ ಮೇಲೆ ಅವನ ಮುಖ ಹಗುರವಾಗಿತ್ತು. "ನಂಗೊತ್ತು ಕಣಮ್ಮಿ. ನಿಂಗೆ ಗೊತ್ತಿದ್ದಿದ್ರೆ ನನ್ ತಾವ ಏಳ್ದೆ ಇರ್ತಿದ್ಯಾ" ಎಂದ. ಎಂಜಿನ್ನಿಗೆ ಸಿಕ್ಕಿಸಿ ತಿರುಗಿಸುವ ಹ್ಯಾಂಡಲು ತೆಗೆದುಕೊಂಡು ಬಸ್ಸು ಸ್ಟಾರ್ಟು ಮಾಡಲು ಕೆಳಗಿಳಿದ.

ಮನೆಗೆ ಬಂದೆವು. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು, ನನ್ನ ಪರೀಕ್ಷೆಗೆಂದು ಅವರೆಕಾಳಿನ ಸಾರು ಮಾಡಿದ್ದಳು. ಮೂವರೂ ಒಲೆಯ ಮುಂದೆ ಕೂತೆವು. ಅಪ್ಪ ನನ್ನ ಕಡೆ ನೋಡಿ, "ನಿಮ್ಮವ್ವಂಗೆ ಏಳು, ಇನ್ನೊಸಿ ಸಾರು ಬುಡ್ಲಿ" ಎಂದ. ನಾನು ಹೇಳಿದೆ. ಅವ್ವ ಅವನಿಗೆ ಸಾರು ಬಡಿಸಿದಳು. ಆಮೇಲೆ ನನ್ನ ಮುಖವನ್ನು ಒಂದು ಸಲ ನೋಡಿ, "ಸುಸ್ತಾಗಿದ್ದೀಯ, ಉಣ್ಣು" ಎಂದು ತನ್ನ ಪಾಲಿನ ಅರ್ಧ ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದಳು. ನಾನು ಅದನ್ನು ಉಂಡೆ.